ಹಾಲತ್ತೆಯ ಕೀಲಿಯಲ್ಲಿ ಇನ್ನೊಬ್ಬಳ ಬೆರಳು

"ಅಮ್ಮಾ, ಹಾಲತ್ತೆ ಕೊರಳಲ್ಲಿ ಸೀಟಿ ಯಾಕಿಲ್ಲ ಈಗ? ಯಾರಾದ್ರೂ ಕಿತ್ಕೊಂಡ್ರಾ?"

ಬೆಳಿಗ್ಗೆ ಜಡೆ ಹಾಕುವಾಗ ಮಗಳು ಕೇಳಿದಳು. ನನ್ನ ಕೈಯಲ್ಲಿ ಬಾಚಣಿಗೆ, ಬಾಯಲ್ಲಿ ರಬ್ಬರ್ ಬ್ಯಾಂಡು. ಉತ್ತರ ಕೊಡದೆ ತಪ್ಪಿಸಿಕೊಳ್ಳಲು ಅಷ್ಟು ನೆಪ ಸಾಕಾಯಿತು. ಅದು ಸೀಟಿಯಲ್ಲ, ಕೀಲಿ ಎಂದು ಎಷ್ಟು ಸಲ ಹೇಳಿದರೂ ಅವಳ ಲೆಕ್ಕದಲ್ಲಿ ಅದು ಸೀಟಿಯೇ. ನೀಲಿ ದಾರದಲ್ಲಿ ತೂಗುವ, ಹೆಬ್ಬೆರಳಿನಷ್ಟಿರುವ ಕಪ್ಪು ತುಂಡು. ಒಮ್ಮೆ ಹಾಲತ್ತೆಯ ಮಡಿಲಲ್ಲಿ ಕೂತು ಕೆನ್ನೆ ಉಬ್ಬಿಸಿ ಊದಿಯೂ ನೋಡಿದ್ದಳು. ಸದ್ದು ಬರಲಿಲ್ಲ. "ಕೆಟ್ಟೋಗಿದೆ, ಬೇರೆ ತಗೊಳ್ಳಿ" ಎಂದು ತೀರ್ಪು ಕೊಟ್ಟು ಇಳಿದಿದ್ದಳು.

ಅವಳನ್ನು ಶಾಲೆಗೆ ಬಿಟ್ಟು ಬಂದು ಡೈರಿ ತೆಗೆದು ಕೂತಿದ್ದೇನೆ. ಒಲೆಯ ಮೇಲೆ ಬೇಳೆ ಬೇಯುತ್ತಿದೆ, ಕುಕ್ಕರು ಕೂಗಿದಾಗಲೆಲ್ಲ ಏಳಬೇಕು. ಆದರೂ ಇವತ್ತು ಬರೆದೇ ಬಿಡುತ್ತೇನೆ. ಇವಳು ದೊಡ್ಡವಳಾದ ಮೇಲೆ ಓದಿಕೊಳ್ಳಲಿ, ಅವಳ ಪ್ರಶ್ನೆಗೆ ಅಮ್ಮ ಅವತ್ತು ಯಾಕೆ ಬಾಯಿ ಬಿಡಲಿಲ್ಲ ಎಂದು ತಿಳಿಯಲಿ.

ಮಗಳು ಹಾಲತ್ತೆ ಎಂದು ಕರೆಯುವುದು ನಮ್ಮ ಕೆಳಗಿನ ಮನೆಯವರನ್ನು. ಹಸುವಿಲ್ಲ, ಎಮ್ಮೆಯಿಲ್ಲ, ಹಾಲಿನ ವ್ಯಾಪಾರವೂ ಇಲ್ಲ. ಹೆರಿಗೆ ಆಸ್ಪತ್ರೆಯ ಹಾಲಿನ ಕೋಣೆಯ ಮೇಲ್ವಿಚಾರಕಿ. ತಮ್ಮ ಮಗು ಕುಡಿದು ಮಿಕ್ಕ ಎದೆಹಾಲನ್ನು ತಾಯಂದಿರು ಅಲ್ಲಿಗೆ ಕೊಡುತ್ತಾರೆ. ಅದನ್ನು ಕಾಯಿಸಿ, ಪರೀಕ್ಷೆ ಮಾಡಿಸಿ, ಫ್ರೀಜರಿನಲ್ಲಿಟ್ಟು, ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಕಳಿಸುವುದು ಆ ಕೋಣೆಯ ಕೆಲಸ. ನನ್ನ ಮಗಳೂ ಅಂಥ ಕೂಸೇ. ಒಂದು ಅಂಗೈಯಲ್ಲಿ ಹಿಡಿಯುವಷ್ಟಿದ್ದಳು. ನನಗೆ ಹಾಲು ಬರಲು ತಡವಾಯಿತು. ಅವಳು ಮೊದಲು ಕುಡಿದದ್ದು ಹೆಸರು ಗೊತ್ತಿಲ್ಲದ ಯಾವಳೋ ತಾಯಿಯ ಹಾಲು, ಅದನ್ನು ತಂದುಕೊಟ್ಟದ್ದು ಈ ಹಾಲತ್ತೆ. ಆಮೇಲೆ ನನಗೆ ಹಾಲು ಉಕ್ಕಿ ಬಂದಾಗ ಅವರೇ ಬಾಟಲಿ ಹಿಡಿದು ಬಂದು, "ಸಾಲ ತೀರಿಸ್ತೀಯೇನೇ?" ಎಂದು ನಕ್ಕಿದ್ದರು. ನಾವು ಮನೆ ಬದಲಾಯಿಸಬೇಕಾಗಿ ಬಂದಾಗ ಮೇಲಿನ ಮನೆ ಖಾಲಿಯಿದೆ ಎಂದು ತಿಳಿಸಿದ್ದೂ ಅವರೇ.

ನಾನು ಅವರನ್ನು ಅಕ್ಕ ಎನ್ನುತ್ತೇನೆ. ಅಕ್ಕನ ಮನೆಯಲ್ಲಿ ಉಪ್ಪಿನ ಡಬ್ಬಿಗೂ ತಾರೀಕು ಬರೆದ ಚೀಟಿ ಅಂಟಿರುತ್ತದೆ. ಅವರ ಯಜಮಾನರು ಟೈಲರು, ಮಾತಿಗೆ ಮುಂಚೆ ನಗುವವರು. "ನಾನು ಹೊಲಿಗೆ ಮಿಷನ್ ಬಿಟ್ಟು ಏಳಲ್ಲ ಕಣಮ್ಮ. ಸುಮ್ನೆ ನಿಂತ್ಕೊಂಡ್ರೆ ಇವಳು ನನಗೂ ಲೇಬಲ್ ಹಚ್ಚಿ ಫ್ರೀಜರಿಗೆ ಹಾಕ್ಬಿಡ್ತಾಳೆ" ಎನ್ನುತ್ತಾರೆ. ಅಕ್ಕ ಸುಮ್ಮನಿರುವವರಲ್ಲ. "ನಿಮ್ಮ ತಾರೀಕು ಎಂದೋ ಮುಗಿದಿದೆ, ಇಟ್ಟು ಏನ್ ಮಾಡ್ಲಿ?"

ಆ ಕೋಣೆಯ ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದು ಸಲಕ್ಕೆ ಕಾಯಿಸಿದ ಬಾಟಲಿಗಳೆಲ್ಲ ಸೇರಿ ಒಂದು ಬ್ಯಾಚು. ಅದರಿಂದ ಚೂರು ಹಾಲು ಲ್ಯಾಬಿಗೆ ಹೋಗುತ್ತದೆ. ಕ್ರಿಮಿ ಬೆಳೆಯುತ್ತದೋ ಇಲ್ಲವೋ ಎಂದು ಅಲ್ಲಿ ಎರಡು ದಿನ ಕಾದು ನೋಡುತ್ತಾರೆ. ವರದಿ ಬರುವವರೆಗೂ ಆ ಬಾಟಲಿಗಳು ಕಂಪ್ಯೂಟರಿನಲ್ಲಿ ಕೆಂಪು. ವರದಿ ಬಂದ ಮೇಲೆ ಒಬ್ಬರು ಓದಿ ದಾಖಲಿಸಬೇಕು, ಇನ್ನೊಬ್ಬರು ಅದೇ ವರದಿಯನ್ನು ಮೊದಲಿನಿಂದ ಓದಿ ಒಪ್ಪಿಗೆ ಕೊಡಬೇಕು. ಆಗ ಹಸಿರು. ಹಸಿರಾದದ್ದನ್ನು ವಾರ್ಡಿನವರು ಮತ್ತೆ ಪ್ರಶ್ನೆ ಮಾಡುವುದಿಲ್ಲ, ಮಗುವಿಗೆ ಕೊಡುತ್ತಾರೆ. ಮೊದಲ ಕಣ್ಣು ಜೊತೆಯಲ್ಲಿ ಕೆಲಸ ಮಾಡುವ ಹುಡುಗಿಯದು, ಎರಡನೆಯದು ಅಕ್ಕನದು. ಆ ಹುಡುಗಿಗೆ ಅಕ್ಕ ಇಟ್ಟ ಹೆಸರು ಗಡಿಬಿಡಿ. ಕೊನೆಯ ತುತ್ತು ನುಂಗುವ ಮೊದಲೇ ಕೈ ತೊಳೆಯಲು ಎದ್ದು ಹೋಗುವಂಥವಳು.

ಮೊದಲು ಪಾಸ್‌ವರ್ಡ್ ಇತ್ತು. ಹಾಲಿನ ಕೋಣೆಯ ಪಾಸ್‌ವರ್ಡು ನೆಲ ಒರೆಸುವವಳಿಗೂ ಬಾಯಿಪಾಠ. ಹೊಸಬರು ಬಂದರೆ ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ಕೂಗಿ ಹೇಳುತ್ತಿದ್ದರಂತೆ. ಪ್ರತಿ ತಿಂಗಳೂ ಬದಲಾಯಿಸಿ ಎಂಬ ನಿಯಮಕ್ಕೆ ಇವರ ಪಾಲನೆ, ಕೊನೆಯಲ್ಲಿ ಆ ತಿಂಗಳ ಹೆಸರು ಸೇರಿಸುವುದು. "ಇದು ಯಾವ ತಿಂಗಳು ಅನ್ನೋದೇ ಮರೆತವನನ್ನ ಬಿಟ್ರೆ ಇನ್ಯಾವ ಕಳ್ಳನೂ ಹೊರಗೆ ನಿಲ್ತಿರಲಿಲ್ಲ" ಎಂದು ಅಕ್ಕ ನಗುತ್ತಿದ್ದರು. ಆಮೇಲೊಂದು ದಿನ ಆಸ್ಪತ್ರೆಯ ಇನ್ಯಾವುದೋ ವಿಭಾಗದವರು, ನೋಡಲು ಆಸ್ಪತ್ರೆಯದೇ ಎನಿಸುವ ಸುಳ್ಳು ಪುಟವೊಂದರಲ್ಲಿ ಪಾಸ್‌ವರ್ಡ್ ಒತ್ತಿಬಿಟ್ಟರು. ಹೊರಗಿನವರು ಒಳಗೆ ಬಂದರು. ವಾರಗಟ್ಟಲೆ ಕಂಪ್ಯೂಟರು ಮುಚ್ಚಿಟ್ಟು ಎಲ್ಲವನ್ನೂ ಕೈಯಲ್ಲಿ ಬರೆಯುವ ಹಾಗಾಯಿತು.

ಅದಾದ ಮೇಲೆ ಪಾಸ್‌ವರ್ಡನ್ನೇ ತೆಗೆದುಹಾಕಿ ಒಬ್ಬೊಬ್ಬರಿಗೂ ಒಂದೊಂದು ಕೀಲಿ ಕೊಟ್ಟರು. ಕಂಪ್ಯೂಟರ್ ವಿಭಾಗದವರೊಬ್ಬರು ಬಂದು ಪಾಠ ಮಾಡಿದರಂತೆ. ಅವರು ಹೇಳುವ ರೀತಿ ನೋಡಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯತೊಡಗಿದರು. "ಕೀಲಿಯನ್ನ ಕಂಪ್ಯೂಟರಿಗೆ ಸಿಕ್ಕಿಸಿ, ಬೆರಳಿಡಿ, ಅಷ್ಟೇ. ನಿಮ್ಮ ಬೆರಳಿನ ಗುರುತು ಕೀಲಿಯೊಳಗೇ ಇರುತ್ತೆ, ಎಲ್ಲಿಗೂ ಹೋಗಲ್ಲ. ಕೀಲಿ ಕಂಪ್ಯೂಟರಿಗೆ ಹೇಳೋದು ಒಂದೇ ಮಾತು: ಇವರು ಬಂದಿದ್ದಾರೆ ಅಂತ. ಸುಳ್ಳು ಪುಟ ಬಂದು ಕೇಳಿದ್ರೆ ಕೀಲಿ ಬಾಯೇ ಬಿಡಲ್ಲ." ಕೀಲಿಯಲ್ಲಿ ಐದು ಬೆರಳಿಗೆ ಜಾಗವಿತ್ತು. ಒಂದು ಬೆರಳಿಗೆ ಗಾಯವಾದರೆ ಇನ್ನೊಂದಿರಲಿ ಎಂದು. ಅಕ್ಕ ತಮ್ಮ ನಾಲ್ಕು ಬೆರಳು ತುಂಬಿಸಿದರು.

ಕೀಲಿ ಬಂದದ್ದರಿಂದ ಕೋಣೆ ಭದ್ರವಾಯಿತು. ಅಕ್ಕನ ರಜೆ ಮಾತ್ರ ಹೋಯಿತು. ಪಾಸ್‌ವರ್ಡ್ ಕಾಲದಲ್ಲಿ ಅವರು ಇಲ್ಲದಿದ್ದರೂ ಹೇಗೋ ನಡೆಯುತ್ತಿದ್ದ ಕೆಲಸ ಈಗ ಅವರ ಬೆರಳಿಲ್ಲದೆ ನಿಲ್ಲುತ್ತಿತ್ತು. ಅವರ ಬದಲಿಗೆ ಇನ್ನೊಬ್ಬರಿಗೆ ಒಪ್ಪಿಗೆಯ ಅಧಿಕಾರ ಕೊಡಿ ಎಂದು ಕೇಳಿದ್ದರು, ಮೇಲಿನವರು ನೋಡೋಣ ಎಂದಿದ್ದರು, ನೋಡುತ್ತಲೇ ಇದ್ದರು. ಭಾನುವಾರ ಫೋನು: ಅಕ್ಕಾ, ಬಂದು ಒಂದು ಬೆರಳು ಇಟ್ಟು ಹೋಗಿ. ತಂಗಿಯ ಮಗಳ ಮದುವೆಯ ಮನೆಯಿಂದ ರೇಷ್ಮೆ ಸೀರೆಯಲ್ಲೇ ಓಡಿದ್ದರು. ಟೈಲರ್ ಮಾವನ ಕಣ್ಣಿನ ಆಪರೇಷನ್ ದಿನ, ಅವರನ್ನು ಒಳಗೆ ಕರೆದೊಯ್ದ ಗಳಿಗೆಗೇ ಫೋನು ಬಂತು. ವಾರ್ಡಿನಲ್ಲಿ ಕೂಸುಗಳು ಹಸಿದಿವೆ, ವರದಿ ಬಂದಿದೆ, ಬಾಟಲಿ ಕೆಂಪಾಗಿಯೇ ಇದೆ. ಅಕ್ಕ ಹೋದರು. ಮಾವ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಹೊರಗೆ ಬಂದು ಕೈ ಚಾಚಿದಾಗ ಹಿಡಿದುಕೊಳ್ಳಲು ಸಿಕ್ಕಿದ್ದು ನನ್ನ ಕೈ.

"ಇದು ಅವಳ ಕೈಯಲ್ಲ" ಎಂದರು ಮಾವ.

ಅದನ್ನು ನಾನು ಅಕ್ಕನಿಗೆ ಹೇಳಬಾರದಿತ್ತೋ ಏನೋ. ಮರುದಿನ ಅವರು ಕೀಲಿಯ ಐದನೆಯ ಜಾಗದಲ್ಲಿ ಗಡಿಬಿಡಿಯ ಬೆರಳು ಕೂರಿಸಿದರು. ತಮ್ಮ ರಜೆಯ ದಿನ ಕೀಲಿಯನ್ನು ಅವಳ ಕೈಗೆ ಕೊಟ್ಟು ಬರತೊಡಗಿದರು. "ವರದಿಯನ್ನ ಎರಡು ಸಲ ಓದು. ಮೊದಲನೇ ಸಲ ನೀನಾಗಿ, ಎರಡನೇ ಸಲ ನಾನಾಗಿ" ಎಂದು ತಾಕೀತು ಮಾಡಿದ್ದರಂತೆ. ಅವಳು ಹಾಗೇ ಮಾಡುತ್ತಿದ್ದಳು. ಮೊದಲು ತನ್ನ ಕೀಲಿ, ಆಮೇಲೆ ಅಕ್ಕನ ಕೀಲಿ. ಅಕ್ಕನ ಹೆಸರಲ್ಲಿ ಒಪ್ಪಿಗೆಯಾದಾಗಲೆಲ್ಲ ಅವರ ಫೋನಿಗೊಂದು ಸಂದೇಶ ಬರುತ್ತಿತ್ತು. ಅಕ್ಕ ಓದಿ, ತಲೆಯಾಡಿಸಿ, ಕೈಯಲ್ಲಿದ್ದ ಕೆಲಸಕ್ಕೆ ಮರಳುತ್ತಿದ್ದರು. ಒಂದು ವರ್ಷ ಏನೂ ಆಗಲಿಲ್ಲ.

ಅವತ್ತು ಅಕ್ಕನ ರಜೆ. ನಮ್ಮ ಮನೆಯಲ್ಲಿ ಕೂತು ಮಗಳ ಉಗುರು ಕತ್ತರಿಸುತ್ತಿದ್ದರು. ನಾನು ಬಟ್ಟೆ ಮಡಿಸುತ್ತಿದ್ದೆ. ಫೋನು ಟಿಣ್ ಎಂದಿತು. ಅಕ್ಕ ಎಡಗೈಯಲ್ಲಿ ಎತ್ತಿ ನೋಡಿದರು. ತಲೆಯಾಡಿಸಲಿಲ್ಲ. ಮತ್ತೆ ನೋಡಿದರು. ಉಗುರು ಕತ್ತರಿ ಮಗಳ ಮಡಿಲಿಗೆ ಬಿತ್ತು.

"ಏನಕ್ಕಾ?"

"ಈ ಬ್ಯಾಚಿನ ಮಾದರಿ ನಾನೇ ನಿನ್ನೆ ಸಂಜೆ ಲ್ಯಾಬಿಗೆ ಕಳಿಸಿದ್ದು" ಎಂದರು. "ವರದಿ ಬರೋಕೆ ಸಾಧ್ಯನೇ ಇಲ್ಲ. ನಾನು ಒಪ್ಪಿಗೆ ಕೊಟ್ಟಿದ್ದೀನಿ ಅಂತ ಬಂದಿದೆ."

ಗಡಿಬಿಡಿಗೆ ಫೋನು ಮಾಡಿದರು. ರಿಂಗಾಯಿತು, ಎತ್ತಲಿಲ್ಲ. ಹಾಲಿನ ಕೋಣೆಯೊಳಗೆ ಮೊಬೈಲು ತರುವ ಹಾಗಿಲ್ಲ ಎಂಬ ನಿಯಮ ಮಾಡಿದ್ದು ಅಕ್ಕನೇ. ಕೋಣೆಯ ಫೋನಿಗೆ ಮಾಡಿದರು. ನೆಲ ಒರೆಸುವವಳು ಎತ್ತಿದಳು. ಪೆಟ್ಟಿಗೆ ತಗೊಂಡು ಮೇಲೆ ವಾರ್ಡಿಗೆ ಹೋದ್ರು ಎಂದಳು. ಅಕ್ಕ ವಾರ್ಡಿಗೆ ಮಾಡಿ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟರು.

"ಸಿಸ್ಟರ್, ಈಗ ಬಂದ ಹಾಲನ್ನ ಕೊಡ್ಬೇಡಿ. ಹಿಡ್ಕೊಳ್ಳಿ."

"ಯಾಕೆ ಮೇಡಂ? ಹಸಿರಿದೆಯಲ್ಲ. ನೀವೇ ಬಿಟ್ಟಿದ್ದೀರಿ, ಈಗಿನ್ನೂ. ಹಾಲು ತಂದ ಹುಡುಗಿ ಲ್ಯಾಬಿಗೆ ಹೋಗಿ ಬರ್ತೀನಿ ಅಂತ ಹೋದ್ಲು."

"ಗೊತ್ತು. ಆದ್ರೂ ಬೇಡ."

"ಆದ್ರೂ ಬೇಡ ಅಂದ್ರೆ ಹೇಗೆ? ಕರಗಿಸಿಟ್ಟ ಬೇರೆ ಹಾಲು ಒಂದು ತೊಟ್ಟಿಲ್ಲ. ಬಾಟಲಿ ಬೆಚ್ಚಗಾಗ್ತಿದೆ, ಮಗು ಅಳೋಕೂ ಶಕ್ತಿಯಿಲ್ಲದೆ ಮಲಗಿದೆ. ಡಾಕ್ಟರಿಗೆ ಏನಂತ ಹೇಳ್ಲಿ?"

ಅದು ನನ್ನ ಬೆರಳಲ್ಲ ಎಂದು ಅಕ್ಕ ಹೇಳಬೇಕಿತ್ತು. ಹಾಗೆಂದರೆ ಮತ್ತೆ ಯಾರದು ಎಂಬ ಪ್ರಶ್ನೆ ಬರುತ್ತದೆ. ತಮ್ಮ ಕೀಲಿಯಲ್ಲಿ ಇನ್ನೊಬ್ಬರ ಬೆರಳಿಟ್ಟವರಿಗೆ ಆ ಆಸ್ಪತ್ರೆಯಲ್ಲಿ ಕೆಲಸವಿಲ್ಲ. ಮೇಷ್ಟ್ರು ಪಾಠದ ದಿನವೇ ಹೇಳಿ ಸಹಿ ಹಾಕಿಸಿಕೊಂಡಿದ್ದರು.

"ತಪ್ಪಿ ಒತ್ತಿಬಿಟ್ಟೆ" ಎಂದರು ಅಕ್ಕ, ತಗ್ಗಿದ ದನಿಯಲ್ಲಿ.

"ಹಾಗಾದ್ರೆ ಕಂಪ್ಯೂಟರಲ್ಲಿ ಕೆಂಪು ಮಾಡಿ ಮೇಡಂ. ಫೋನಲ್ಲಿ ಹೇಳಿದ್ದನ್ನ ನಂಬಬೇಡಿ, ಹಸಿರು ಕೆಂಪು ನೋಡಿ ಅಂತ ನಮಗೆ ಹೇಳಿಕೊಟ್ಟಿದ್ದು ನೀವೇ ತಾನೆ? ನೀವು ಬರೋವರೆಗೆ ತಡೀತೀನಿ. ಡಾಕ್ಟರ್ ಬಂದು ಕೊಡು ಅಂದ್ರೆ ನನ್ನ ಕೈಲಿ ತಡೆಯೋಕಾಗಲ್ಲ, ಹೇಳಿದ್ದೀನಿ."

ಫೋನು ಇಟ್ಟಾಯಿತು. ಕೆಂಪು ಮಾಡಲು ಬೇಕಾದ ಕೀಲಿ ಆಸ್ಪತ್ರೆಯಲ್ಲಿತ್ತು. ಆ ಕೀಲಿಗೆ ಬೇಕಾದ ಬೆರಳು ನಮ್ಮ ಮನೆಯ ನಡುಮನೆಯಲ್ಲಿ ನಿಂತು ಸೆರಗಿನ ಅಂಚನ್ನು ತಿರುವುತ್ತಿತ್ತು.

"ಸ್ಕೂಟರಲ್ಲಿ ಪೆಟ್ರೋಲ್ ಇದ್ಯೇನೇ?"

ಇತ್ತು. ಮಗಳನ್ನು ಟೈಲರ್ ಮಾವನ ಮಿಷನ್ ಪಕ್ಕ ಕೂರಿಸಿ, ಬಣ್ಣದ ಬಟ್ಟೆ ಚೂರುಗಳ ಬುಟ್ಟಿ ಅವಳ ಮುಂದೆ ಸುರಿದು ಹೊರಟೆವು. "ಎಲ್ಲಿಗೆ ಇಬ್ಬರೂ ಹೀಗೆ ಚಪ್ಪಲಿ ಅದಲು ಬದಲು ಹಾಕ್ಕೊಂಡು?" ಎಂದು ಮಾವ ಕೂಗಿದ್ದು ಕೇಳಿಸಿತು. ನೋಡಿದರೆ ನಿಜವಾಗಿಯೂ ಅಕ್ಕನ ಒಂದು ಚಪ್ಪಲಿ ನನ್ನ ಕಾಲಲ್ಲಿತ್ತು.

ದಾರಿಯುದ್ದಕ್ಕೂ ಅಕ್ಕ ನನ್ನ ಭುಜ ಹಿಡಿದಿದ್ದರು. ಸಿಗ್ನಲಿನಲ್ಲಿ ನಿಂತಾಗ ಅವರ ಬೆರಳುಗಳು ನನ್ನ ಎಲುಬು ಹುಡುಕುತ್ತಿದ್ದವು. ನನ್ನ ಮಗಳ ಮೂಗಿಗೆ ಹಾಕಿದ್ದ ಟ್ಯೂಬು ಕಣ್ಮುಂದೆ ಬಂತು. ಅದರಲ್ಲಿ ಹಾಲು ಇಳಿಯುವುದನ್ನು ಗಾಜಿನ ಆಚೆಯಿಂದ ನೋಡುತ್ತಾ ನಿಂತಿದ್ದೆ. ಆ ಹಾಲು ಸರಿಯಿದೆಯೋ ಇಲ್ಲವೋ ಎಂದು ಆಗ ಒಂದು ಸಲವೂ ಯೋಚಿಸಿರಲಿಲ್ಲ. ಯಾರೋ ನೋಡಿಯೇ ಇರುತ್ತಾರೆ ಎಂದುಕೊಂಡಿದ್ದೆ.

ಹಾಲಿನ ಕೋಣೆ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ. ಉದ್ದ ಓಣಿ, ಬಿಸಿ ಸೋಪಿನ ವಾಸನೆ. ಅಕ್ಕ ಬಾಗಿಲು ದೂಡಿದರು. ಗಡಿಬಿಡಿ ಇನ್ನೂ ಬಂದಿರಲಿಲ್ಲ. ನೀಲಿ ದಾರ ಕಂಪ್ಯೂಟರಿನ ಬದಿಯಿಂದ ಜೋತುಬಿದ್ದಿತ್ತು, ಕೀಲಿ ಸಿಕ್ಕಿಸಿದ ಹಾಗೇ ಇತ್ತು. ಅಕ್ಕ ಅದರ ಹತ್ತಿರ ಹೋಗುವ ಬದಲು ಚಪ್ಪಲಿ ಬಿಟ್ಟು, ತಲೆಗೆ ಟೊಪ್ಪಿ ಏರಿಸಿ, ನಲ್ಲಿಯ ಕೆಳಗೆ ಕೈ ಒಡ್ಡಿ ಮೊಣಕೈವರೆಗೆ ಸೋಪು ಹಚ್ಚಿ ಉಜ್ಜತೊಡಗಿದರು.

"ಅಕ್ಕಾ! ಹೊತ್ತಾಗ್ತಿದೆ!"

ಅವರು ಬೆಚ್ಚಿ ನನ್ನನ್ನು ನೋಡಿದರು. ತಾವು ಕೈ ತೊಳೆಯುತ್ತಿರುವುದು ಅವರಿಗೇ ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಹೊಸ್ತಿಲು ದಾಟಿದೊಡನೆ ಮಾಡಿದ ಕೆಲಸವನ್ನು ಕೈಗಳು ತಾವಾಗಿಯೇ ಮಾಡುತ್ತಿದ್ದವು. ಹಾಗೇ ಓಡಿ ಬಂದು ತೋರುಬೆರಳನ್ನು ಕೀಲಿಯ ಮೇಲಿಟ್ಟರು.

ಕೆಂಪು ದೀಪ ಮಿಣುಕಿತು. ಗುರುತು ಸಿಗಲಿಲ್ಲ.

ಮತ್ತೆ ಇಟ್ಟರು. ಮತ್ತೆ ಕೆಂಪು. ನೀರಿಗೆ ಬೆರಳ ತುದಿ ನೆರಿಗೆಗಟ್ಟಿ ಬೆಳ್ಳಗಾಗಿತ್ತು. "ಇನ್ನು ತಪ್ಪಿದ್ರೆ ಇದು ಬೆರಳು ಕೇಳೋದನ್ನೇ ಬಿಡತ್ತೆ, ಗುಟ್ಟಿನ ಸಂಖ್ಯೆ ಕೇಳತ್ತೆ. ಅದು ಮನೆ ಬೀರುವಿನಲ್ಲಿದೆ" ಎಂದರು. ಮೇಜಿನ ಮೇಲಿನ ಫೋನು ರಿಂಗಾಗತೊಡಗಿತು. ವಾರ್ಡಿನದೇ ಇರಬೇಕು. ಇಬ್ಬರೂ ಎತ್ತಲಿಲ್ಲ. ನಾನು ಅವರ ಕೈಯನ್ನು ಎಳೆದುಕೊಂಡು ನನ್ನ ದುಪ್ಪಟ್ಟಾದಲ್ಲಿ ಒಂದೊಂದೇ ಬೆರಳನ್ನು ಒರೆಸಿದೆ, ಮಗಳಿಗೆ ಸ್ನಾನ ಮಾಡಿಸಿ ಬೆರಳ ಸಂದು ಒರೆಸುವ ಹಾಗೆ. ಬಾಯಿಂದ ಬಿಸಿಯುಸಿರು ಊದಿದೆ. "ತೋರುಬೆರಳು ಬೇಡ, ಬೇರೆ ಯಾವುದಿದೆ?"

"ಎಡಗೈ ಹೆಬ್ಬೆರಳು." ಅದು ಹೆಚ್ಚು ನೆನೆದಿರಲಿಲ್ಲ.

ಇಟ್ಟರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಹಸಿರು. ಅಕ್ಕ ಪರದೆಯ ಮೇಲೆ ಆ ಬ್ಯಾಚು ಹುಡುಕಿ ತಡೆ ಒತ್ತಿದರು. ಸಾಲು ಪೂರ್ತಿ ಕೆಂಪಾಯಿತು. ರಿಂಗಾಗುತ್ತಲೇ ಇದ್ದ ಫೋನನ್ನು ಆಗ ಎತ್ತಿದರು.

"ಕೆಂಪಾಯ್ತು ಮೇಡಂ, ಕಾಣಿಸ್ತು" ಎಂದಳು ಸಿಸ್ಟರ್. "ಇದು ಬಿಸಿ ನೀರಿಂದ ತೆಗೆದಿಟ್ಟೆ. ಆದರೆ ಆ ಕಡೆ ಸಾಲಿನ ಮಗುವಿಗೆ ಆಗಲೇ ಹೋಗಿದೆ. ನೀವು ಫೋನ್ ಮಾಡೋಕೂ ಮುಂಚೆನೇ. ನನಗೆ ಈಗ ಗೊತ್ತಾಯ್ತು."

ಅಕ್ಕ ಕುರ್ಚಿಯಲ್ಲಿ ಕೂತುಬಿಟ್ಟರು.

ಅಷ್ಟರಲ್ಲಿ ಗಡಿಬಿಡಿ ಖಾಲಿ ಪೆಟ್ಟಿಗೆ ಹಿಡಿದು ಒಳಗೆ ಬಂದಳು. ಅಕ್ಕನನ್ನು ನೋಡಿ ಮೊದಲು ನಕ್ಕಳು, "ರಜದ ದಿನವೂ ಮನಸ್ಸು ತಡೀಲಿಲ್ವಾ ಅಕ್ಕಾ?" ಎಂದಳು. ಆಮೇಲೆ ಪರದೆ ನೋಡಿದಳು.

ನಡೆದದ್ದು ಇಷ್ಟು. ಒಬ್ಬಳೇ ತಾಯಿ ಒಂದು ವಾರದ ಅಂತರದಲ್ಲಿ ಎರಡು ಸಲ ಹಾಲು ಕೊಟ್ಟಿದ್ದಳು. ಮೊದಲ ಬ್ಯಾಚಿನ ವರದಿ ತಡವಾಗಿ ಅವತ್ತು ಬಂದಿತ್ತು. ವಾರ್ಡಿನಿಂದ ಹಾಲು ಹಾಲು ಎಂದು ಕರೆ ಬರುತ್ತಿತ್ತು. ಇವಳು ತಾಯಿಯ ಸಂಖ್ಯೆ ನೋಡಿದಳು, ಬ್ಯಾಚಿನ ಸಂಖ್ಯೆ ನೋಡಲಿಲ್ಲ. ಎರಡನೆಯ ಬ್ಯಾಚಿಗೆ ದಾಖಲಿಸಿದಳು. ಆಮೇಲೆ ಅಕ್ಕನಾಗಿ ಮತ್ತೆ ಓದಿದಳು. ಒಂದೇ ಕಣ್ಣು ಎರಡು ಸಲ ನೋಡಿದರೆ ಒಂದೇ ತಪ್ಪನ್ನು ಎರಡು ಸಲ ಸರಿ ಎನ್ನುತ್ತದೆ.

ಅವಳು ಪೆಟ್ಟಿಗೆಯನ್ನು ಎದೆಗವಚಿಕೊಂಡು ನೆಲದ ಮೇಲೆ ಕುಸಿದಳು. "ಅಕ್ಕಾ, ನೀವು ತಪ್ಪಿ ಒತ್ತಿದ್ದು ಅಂತ ಹೇಳ್ಬಿಡಿ ಅಕ್ಕಾ. ರಜೇಲೂ ಬಂದು ಬೆರಳಿಟ್ಟು ಹೋಗ್ತೀರಿ ಅಂತ ಎಲ್ಲರಿಗೂ ಗೊತ್ತು. ನೀವು ದೊಡ್ಡವರು, ನಿಮಗೆ ಬೈದು ಬಿಡ್ತಾರೆ. ಯಾವ ಬೆರಳು ಅಂತ ಯಾರಿಗೂ ಗೊತ್ತಾಗಲ್ಲ, ಮೇಷ್ಟ್ರೇ ಹೇಳಿದಾರಲ್ಲ, ಬೆರಳು ಕೀಲಿ ಬಿಟ್ಟು ಹೊರಗೆ ಹೋಗಲ್ಲ ಅಂತ. ನನ್ನ ಬೆರಳನ್ನ ಈಗಲೇ ಅಳಿಸ್ಬಿಡಿ. ಗೊತ್ತಾದ್ರೆ ನಿಮ್ಮನ್ನೂ ಕಳಿಸ್ತಾರೆ, ನನ್ನನ್ನೂ ಕಳಿಸ್ತಾರೆ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವರದಿ ತಪ್ಪಾಗಿ ಓದಿದ್ದಕ್ಕೆ ಎಚ್ಚರಿಕೆಯ ಪತ್ರ ಬರುತ್ತಿತ್ತು, ಅಷ್ಟೇ. ಮಗುವನ್ನು ಹೇಗೂ ನೋಡಿಕೊಳ್ಳುತ್ತಾರೆ, ಹಾಲು ಹೋಗಿದೆ ಎಂದರೆ ಸಾಕು, ಬೆರಳಿನ ಕಥೆ ಯಾಕೆ ಎಂದು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಟೈಲರ್ ಮಾವನ ಮುಖ ನೆನಪಾಗಿತ್ತು. ಆಪರೇಷನ್ ಆದರೂ ಒಂದೇ ಕಣ್ಣು ನೆಟ್ಟಗೆ ಕಾಣುವ, ಅದರಲ್ಲೇ ಸೂಜಿಗೆ ದಾರ ಪೋಣಿಸುವ ಮನುಷ್ಯ. ಆ ಮನೆ ನಡೆಯುವುದು ಅಕ್ಕನ ಸಂಬಳದಿಂದ.

ಅಕ್ಕ ಪರದೆಯ ಮೇಲಿನ ಹಸಿರು ಸಾಲುಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸಿದರು.

"ಇದು ನೋಡು, ನನ್ನ ರಜೆ ದಿನದ್ದು. ಇದೂ. ನಮ್ಮನೆಯವರ ಕಣ್ಣಿನ ತಪಾಸಣೆಗೆ ಹೋಗಿದ್ದೆನಲ್ಲ, ಅವತ್ತಿನದು ಇದು. ಎಲ್ಲ ಈ ಫ್ರೀಜರಲ್ಲೇ ಇವೆ, ಸಂಜೆ ವಾರ್ಡಿಗೆ ಹೋಗ್ತವೆ, ನಾಳೆ ಹೋಗ್ತವೆ. ಎಲ್ಲದರ ಮೇಲೂ ಇಬ್ಬರು ನೋಡಿದ್ದಾರೆ ಅಂತ ಇದೆ. ನೋಡಿದವಳು ಒಬ್ಬಳೇ."

"ನಾನು ಸರಿಯಾಗೇ ನೋಡಿದ್ದೀನಿ ಅಕ್ಕಾ, ನಿಮ್ಮಾಣೆ!"

"ಇವತ್ತೂ ಸರಿಯಾಗೇ ನೋಡಿದ್ದೀನಿ ಅಂದ್ಕೊಂಡಿದ್ದೆ ತಾನೆ?" ಅಕ್ಕ ಗದರಲಿಲ್ಲ. "ತಪ್ಪಿ ಒತ್ತಿದೆ ಅಂದ್ರೆ ಈ ಒಂದು ಬ್ಯಾಚು ತೆಗೀತಾರೆ. ಇವೆಲ್ಲ ಹಸಿರಾಗೇ ಉಳೀತವೆ. ಇವನ್ನೂ ಮತ್ತೆ ನೋಡಿ ಅನ್ನೋಕೆ ನನ್ನ ಹತ್ರ ಇರೋದು ಒಂದೇ ಕಾರಣ. ಏಳು, ಮುಖ ತೊಳ್ಕೊ. ಬೆರಳು ಕೊಟ್ಟಿದ್ದು ನೀನಾದ್ರೂ ಜಾಗ ಕೊಟ್ಟಿದ್ದು ನಾನು. ಹಾಗೇ ಹೇಳ್ತೀನಿ."

ಹೇಳಿದರು. ಮೇಲೆ ಹೋಗಿ ಡಾಕ್ಟರ ಮುಂದೆ ನಿಂತು, ನೀರು ಕುಡಿಯದೆ, ಕೂರದೆ ಹೇಳಿದರು. ನಾನು ಬಾಗಿಲ ಹೊರಗಿದ್ದೆ. ಡಾಕ್ಟರು ನಡುವೆ ಒಂದೇ ಸಲ ಮಾತಾಡಿದ್ದು ಕೇಳಿಸಿತು. "ಒಂದು ವರ್ಷದಿಂದಲಾ?" ಅಕ್ಕ ಹೌದೆಂದರು. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಬಂದರು. ಅಕ್ಕ ಕೀಲಿಯನ್ನು ತಾವೇ ಅವರ ಅಂಗೈಗೆ ಇಟ್ಟರು. ಮೇಷ್ಟ್ರು ಪಾಠವನ್ನೇನೂ ಹೇಳಲಿಲ್ಲ. ದಾರವನ್ನು ಬೆರಳಿಗೆ ಸುತ್ತುತ್ತಾ, "ಇನ್ನೊಬ್ಬರಿಗೆ ಅಧಿಕಾರ ಬೇಕು ಅಂತ ನೀವು ಕೇಳಿದ್ದು ನನ್ನ ಮೇಜಿಗೂ ಬಂದಿತ್ತು" ಎಂದು ಮಾತ್ರ ಅಂದರು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಗಳು ಓದುವಾಗ ಉಸಿರು ಬಿಗಿ ಹಿಡಿಯುವುದು ಬೇಡ. ಎರಡು ದಿನದ ಮೇಲೆ ಆ ಬ್ಯಾಚಿನ ವರದಿ ಬಂತು, ಹಾಲಿನಲ್ಲಿ ಏನೂ ಇರಲಿಲ್ಲ. ಮಗುವಿಗೆ ಜ್ವರ ಕೂಡ ಬರಲಿಲ್ಲ. ಹಳೆಯ ಬ್ಯಾಚುಗಳನ್ನೆಲ್ಲ ಇಬ್ಬರು ಹೊಸಬರು ಕೂತು ಮತ್ತೆ ನೋಡಿದರು. ಅದರಲ್ಲಿ ಇನ್ನೊಂದು, ವರದಿಯೇ ಬಾರದೆ ಹಸಿರಾದದ್ದು ಸಿಕ್ಕಿತು. ಅದನ್ನು ಚೆಲ್ಲಿದರು. ಗಡಿಬಿಡಿ ಬೇರೆ ವಿಭಾಗದಲ್ಲಿದ್ದಾಳೆ. ಅಕ್ಕನನ್ನು ಮನೆಗೆ ಕಳಿಸಿದರು. ವಿಚಾರಣೆ ಇನ್ನೂ ನಡೆಯುತ್ತಿದೆ. ಅವರೀಗ ಮಾವನ ಅಂಗಡಿಯಲ್ಲಿ ಬಟ್ಟೆಗೆ ಗುಂಡಿ ಹೊಲಿಯುತ್ತಾರೆ.

ಆದರೆ ಅವತ್ತು ಮಧ್ಯಾಹ್ನ ಇದೊಂದೂ ಯಾರಿಗೂ ಗೊತ್ತಿರಲಿಲ್ಲ. ಮಗುವಿನ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದ್ದರು. ಗಾಜಿನ ಒಳಗೆ ಇಬ್ಬರು ಸಿಸ್ಟರುಗಳು ಒಂದೇ ತೊಟ್ಟಿಲ ಸುತ್ತ ಓಡಾಡುತ್ತಿದ್ದರು. ಅಕ್ಕ ಡಾಕ್ಟರ ಕೋಣೆಯಿಂದ ಹೊರಗೆ ಬಂದು ಓಣಿಯಲ್ಲಿ ನನ್ನ ಪಕ್ಕ ನಿಂತರು. ಟೊಪ್ಪಿ ಇನ್ನೂ ತಲೆಯ ಮೇಲೇ ಇತ್ತು. ನಾನು ತೆಗೆದುಕೊಟ್ಟೆ. ಕೂದಲು ಬೆವರಿಗೆ ಹಣೆಗಂಟಿತ್ತು.

"ಮನೆಗೆ ಹೋಗೋಣ ಅಕ್ಕಾ. ಮಾವ ಕಾಯ್ತಿರ್ತಾರೆ."

"ತಾಳು." ಅವರು ಓಣಿಯ ಕೊನೆಯ ಬೆಂಚಿನ ಕಡೆ ನೋಡುತ್ತಿದ್ದರು. ಅಲ್ಲೊಬ್ಬಳು ಹುಡುಗಿ, ನನಗಿಂತ ಚಿಕ್ಕವಳು, ಸ್ವೆಟರ್ ಮೇಲೆ ಶಾಲು ಹೊದ್ದು ಗೋಡೆಗೆ ತಲೆ ಆನಿಸಿ ಕೂತಿದ್ದಳು. ಒಳಗೆ ಏನೋ ನಡೆದಿದೆ ಎಂದು ಅವಳಿಗೆ ಗೊತ್ತಾಗಿತ್ತು, ಏನೆಂದು ಗೊತ್ತಾಗಿರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಅರ್ಧ ಎದ್ದು ಮತ್ತೆ ಕೂರುತ್ತಿದ್ದಳು. ಆ ಅರ್ಧ ಏಳುವುದು ನನಗೆ ಚೆನ್ನಾಗಿ ಗೊತ್ತು. ಅದೇ ಬೆಂಚಿನ ಮೇಲೆ ನಾನೂ ಎಷ್ಟೋ ದಿನ ಹಾಗೇ ಎದ್ದಿದ್ದೇನೆ.

"ಆ ಮಗುವಿನ ತಾಯಿ ಅವಳೇ" ಎಂದರು ಅಕ್ಕ. "ನಾನು ಹೇಳ್ತೀನಿ ಅಂದ್ರು ಡಾಕ್ಟರ್. ಬೇಡ, ನಾನೇ ಹೇಳ್ತೀನಿ ಅಂದೆ. ಅವಳನ್ನ ಮೊದಲ ದಿನ ಬೇರೆಯವರ ಹಾಲಿಗೆ ಒಪ್ಪಿಸಿದ್ದು ನಾನು ಕಣೇ. ಯಾರ ಹಾಲೋ ಏನೋ ಅಂತ ಹೆದರ್ತಿದ್ಲು. ಇಬ್ಬರು ನೋಡಿ ಕೊಡ್ತೀವಮ್ಮ, ಕಣ್ಣು ಮುಚ್ಕೊಂಡು ನಂಬು ಅಂದಿದ್ದೆ."

ನನಗೂ ಅದನ್ನೇ ಹೇಳಿದ್ದರು.

ಅಕ್ಕ ನನ್ನ ಕೈ ಹಿಡಿದರು. ಅವರ ಬೆರಳುಗಳು ತಣ್ಣಗಿದ್ದವು.

"ನನಗೊಂದು ಉಪಕಾರ ಮಾಡ್ತೀಯಾ? ನಾನು ಹೋಗಿ ಎಲ್ಲ ಹೇಳ್ತೀನಿ. ಆಮೇಲೆ ಅವಳು ನನ್ನ ಮುಖ ನೋಡಲ್ಲ, ನೋಡಬೇಕಾಗೂ ಇಲ್ಲ. ನಾನು ಎದ್ದು ಹೋಗ್ಬೇಕಾಗತ್ತೆ. ಅವಳಮ್ಮ ಬರೋದು ಸಂಜೆಗಂತೆ. ಅಲ್ಲಿವರೆಗೆ ನೀನು ಅವಳ ಪಕ್ಕ ಕೂತ್ಕೊ. ಏನೂ ಆಗಲ್ಲ ಅಂತ ಹೇಳ್ಬೇಡ, ನಮಗೆ ಗೊತ್ತಿಲ್ಲ. ನನ್ನ ಪರವಾಗಂತೂ ಒಂದು ಮಾತೂ ಆಡ್ಬೇಡ. ಬೈದ್ರೆ ಬೈಲಿ. ಅವಳು ಎದ್ದಾಗ ಎದ್ದು, ಕೂತಾಗ ಕೂತು, ಸುಮ್ನೆ ಜೊತೆಗಿರ್ತೀಯೇನೇ?"